ಬೇಲಿಯ ಸೊಪ್ಪು ಬರಲಿ, ಬೆಟ್ಟದ ಸೊಪ್ಪು ಉಳಿಯಲಿ

ಲೈಲಾಕ್ ಎಂಬ ಹೂವಿನ ಹೆಸರನ್ನು ನಮ್ಮ ಮಕ್ಕಳು ಇಂಗ್ಲಿಷ್ ಪದ್ಯಗಳಲ್ಲಿ ಓದುತ್ತಾರೆ. ಹೂವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಬೆಂಗಳೂರಿಗೆ ಹೋಗಿ ಬರುವ ನಮ್ಮ ಊರುಗಳ ಯುವಕರು ಈಚೆಗೆ ಹೆಬ್ಬಾಳ, ಯಲಹಂಕದ ಕಡೆಯ ನರ್ಸರಿಗಳಿಂದ ಆ ಹೆಸರಿನ ಚೀಟಿ ಅಂಟಿಸಿದ ಸಸಿಗಳನ್ನು ಮನೆಯಂಗಳಕ್ಕೆ ತರುತ್ತಿದ್ದಾರೆ. ಅಂಥದೊಂದನ್ನು ನನಗೆ ತೋರಿಸಲಾಯಿತು. ಅದು ಚೀನಾ ಕಡೆಯಿಂದ ಬಂದ ಒಂದು ಅಲಂಕಾರದ ಗಿಡವಾಗಿತ್ತು, ನಮ್ಮ ಬೆಟ್ಟದ ನಂದಿ ಮರಕ್ಕೂ ಹೊಳೆದಾಸವಾಳಕ್ಕೂ ಹತ್ತಿರದ ದಾಯಾದಿ. ನರ್ಸರಿಯವರನ್ನು ಪೂರ್ತಿ ದೂರುವಂತಿಲ್ಲ; ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ಗಿಡಕ್ಕೆ 'ದಕ್ಷಿಣದ ಲೈಲಾಕ್' ಎಂದೇ ಹೆಸರಿದೆ.

ನಿಜವಾದ ಲೈಲಾಕ್ ಬಾಲ್ಕನ್ ಪ್ರದೇಶದ ಬಂಡೆಗುಡ್ಡಗಳ ಪೊದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸಿರಿಂಗಾ ವಲ್ಗಾರಿಸ್. ನಮ್ಮ ಮಲ್ಲಿಗೆ, ಪಾರಿಜಾತಗಳು ಸೇರಿದ ಕುಟುಂಬವೇ ಅದರದೂ. ಬುಡದಲ್ಲಿ ಏಳುವ ಮರಿಗಳನ್ನು ಬೇರುಸಹಿತ ಕಿತ್ತು ನೆಟ್ಟರೆ, ಅಥವಾ ರೆಂಬೆಯನ್ನು ಬಾಗಿಸಿ ಮಣ್ಣಿನಲ್ಲಿ ಹೂತರೆ ಹೊಸ ಗಿಡವಾಗುತ್ತದೆ. ಆದರೆ ಅದರ ಹೂಮೊಗ್ಗು ಅರಳಬೇಕಾದರೆ ಮೊದಲು ಚಳಿಗಾಲದಲ್ಲಿ ವಾರಗಟ್ಟಲೆ ಹಿಮ ಬೀಳುವಂಥ ತಂಪನ್ನು ಉಂಡಿರಬೇಕು. ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠ ತಾಪಮಾನ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೆಂದರೆ 1884ರ ಜನವರಿ 13ರ 7.8 ಡಿಗ್ರಿ, ಅದೂ ಒಂದು ರಾತ್ರಿಯ ಮಾತು. ನಂದಿಬೆಟ್ಟದ ನೆತ್ತಿಯಲ್ಲಾಗಲೀ ನಮ್ಮ ಘಟ್ಟದ ಮೇಲಾಗಲೀ ಈ ಗಿಡ ಎಲೆ ಬಿಟ್ಟೀತು, ಹೂ ಬಿಡದು. ಅದರ ಹುಚ್ಚನ್ನು ಇಲ್ಲಿಗೇ ಬಿಡುವುದು ಲೇಸು.

ಹೆಸರಿನ ಕಥೆ ಮಾತ್ರ ಸ್ವಾರಸ್ಯದ್ದು. ಲೈಲಾಕ್ ಎಂಬ ಪದ ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬಂದದ್ದು. ಅದರ ಮೂಲ ಪಾರಸಿಯ 'ನೀಲಕ್', ಅದರ ಹಿಂದೆ ನಮ್ಮದೇ ಆದ 'ನೀಲ'. ಹೀಗೆ ಪೂರ್ವದಿಂದ ಪಡೆದ ಪದವನ್ನು ಯುರೋಪಿನವರು ಉಷ್ಣದೇಶಗಳಿಗೆ ಮರಳಿ ತಂದು, ತಿಳಿನೇರಳೆ ಹೂ ಕಂಡಲ್ಲೆಲ್ಲ ಅಂಟಿಸಿದರು. ತೌರಿನ ನೆನಪು ಕಾಡಿರಬೇಕು. ಅರೆಬೇವು 'ಪರ್ಷಿಯಾದ ಲೈಲಾಕ್' ಆಯಿತು. ಬಿಳಿ ಹೂವಿನ ಕಹಿಬೇವನ್ನೂ ಬಿಡಲಿಲ್ಲ, ಅದು 'ಭಾರತದ ಲೈಲಾಕ್'! ಇವುಗಳ ಜೊತೆಗೆ 'ಮೆಕ್ಸಿಕೋದ ಲೈಲಾಕ್' ಎಂಬುದೊಂದಿದೆ. ನಮ್ಮ ರೈತರು ಅದಕ್ಕೆ ಇಟ್ಟ ಹೆಸರು ಇವೆಲ್ಲಕ್ಕಿಂತ ನೇರವಾದದ್ದು: ಗೊಬ್ಬರದ ಗಿಡ. ಪುಸ್ತಕದ ಹೆಸರು ಗ್ಲಿರಿಸಿಡಿಯಾ ಸೇಪಿಯಂ. ಜನವರಿಯಿಂದ ಮಾರ್ಚಿಯವರೆಗೆ ಎಲೆಯುದುರಿದ ಬರಿ ಕೊಂಬೆಗಳ ತುಂಬ ತಿಳಿಗುಲಾಬಿ-ನೇರಳೆ ಹೂಗಳನ್ನು ಹೊತ್ತು ನಿಲ್ಲುವ ಈ ಗಿಡವನ್ನು ಓದುಗರು ಅಲ್ಲಲ್ಲಿ ಕಂಡೇ ಇರುತ್ತೀರಿ. ಈ ಲೇಖನ ಅದರ ಪರವಾದ ವಾದ. ಹೂವಿಗಾಗಿ ಅಲ್ಲ, ನಮ್ಮ ಬೆಟ್ಟಗಳಿಗಾಗಿ.

ಉತ್ತರ ಕನ್ನಡ, ಶಿವಮೊಗ್ಗಗಳ ಕಡೆ ಸೊಪ್ಪಿನಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಕೊಡಗಿನಲ್ಲಿ ಬಾಣೆ ಎಂದು ಕರೆಯುವ ಭೂಮಿಗಳ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಕಾಗದದ ಮೇಲೆ ಬಂದದ್ದು, ರೂಢಿಯಲ್ಲಿ ಅದಕ್ಕಿಂತ ಹಳೆಯದು. ಇವುಗಳ ನಿಯಮಗಳು ಬೇರೆಬೇರೆ. ತತ್ವ ಬಹುಮಟ್ಟಿಗೆ ಒಂದೇ: ತೋಟ, ಗದ್ದೆಗಳಿಗೆ ಬೇಕಾದ ಹಸಿರು ಸೊಪ್ಪು, ದರಕು, ಕಟ್ಟಿಗೆಗಳಿಗೆ ಪಕ್ಕದ ಕಾಡಿನ ಮೇಲೆ ಕೃಷಿಕನಿಗೆ ಹಕ್ಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಕೊಟ್ಟದ್ದುಂಟು. ಈ ಲೆಕ್ಕ ಹಾಕಿದವರು ಮೂರ್ಖರಾಗಿರಲಿಲ್ಲ. ಒಂದು ಎಕರೆಗೆ ಸೊಪ್ಪು ಒದಗಿಸಲು ಅಷ್ಟು ವಿಸ್ತಾರದ ಕಾಡು ಬೇಕು, ಆಗ ಮಾತ್ರ ಕಡಿದ ಮರ ಮತ್ತೆ ಚಿಗುರಿ ಚೇತರಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇಂದು ಆ ಲೆಕ್ಕ ಎರಡೂ ಕಡೆಯಿಂದ ತಪ್ಪಿದೆ. ತೋಟದ ವಿಸ್ತಾರ ಬೆಳೆದಿದೆ. ಹಿಂದೆ ಗದ್ದೆಯಾಗಿದ್ದ ಕಣಿವೆಗಳಲ್ಲೂ ಅಡಿಕೆ ನಿಂತಿದೆ. ಬೆಟ್ಟ ಮಾತ್ರ ಕುಗ್ಗಿದೆ, ಒತ್ತುವರಿಯಾಗಿದೆ, ಇದ್ದದ್ದೂ ಸೊರಗಿದೆ. ಮತ್ತಿ, ಹೊನ್ನೆ, ಕವಲು, ಜಂಬೆ ಮರಗಳನ್ನು ಪ್ರತಿ ವರ್ಷ ತುದಿಯವರೆಗೂ ಸವರಿದರೆ ಅವು ಹೂಬಿಟ್ಟು ಬೀಜ ಕಟ್ಟುವುದು ಯಾವಾಗ? ಬೀಜವಿಲ್ಲದಿದ್ದರೆ ಸಸಿ ಎಲ್ಲಿಂದ? ದರಕನ್ನೂ ಗುಡಿಸಿ ತಂದರೆ ಮಳೆಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ, ಮೇಲ್ಮಣ್ಣು ಕೊಚ್ಚಿ ಹೋಗಿ ಕೆಳಗಿನ ಜಂಬಿಟ್ಟಿಗೆ ಮೇಲೆ ಬರುತ್ತದೆ. ಅಲ್ಲಿ ಮಳೆನೀರು ಇಂಗುವುದಿಲ್ಲ. ಮಾರ್ಚಿಯಲ್ಲೇ ಅಬ್ಬಿಯ ನೀರು ನಿಂತಿತೆಂದು ದೂರುವ ನಾವು, ಆ ನೀರನ್ನು ಹಿಡಿದಿಡಬೇಕಾಗಿದ್ದ ದರಕು ನಮ್ಮ ತೋಟದ ಕಪ್ಪಿನಲ್ಲಿ ಕೊಳೆಯುತ್ತಿರುವುದನ್ನು ಗಮನಿಸುವುದಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಎದುರಿಗಿದ್ದದ್ದು ಗುತ್ತಿಗೆದಾರನ ಕೊಡಲಿ. ಅಪ್ಪಿಕೋ ಚಳವಳಿಯಿಂದ ನಾವು ಕಲಿತದ್ದು ಬಹಳ. ಆದರೆ ನಮ್ಮದೇ ಕೈಯ ಕತ್ತಿಯ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ನಾವು ಅರೆಮನಸ್ಸಿನಿಂದಲೇ ಎತ್ತಿದ್ದೇವೆ. ಕಾರಣವೂ ಸ್ಪಷ್ಟ. ಸೊಪ್ಪು ಕಡಿಯಬೇಡಿ ಎನ್ನುವವನು ಅದಕ್ಕೆ ಬದಲು ಏನು ಎಂದು ಹೇಳಬೇಕಾಗುತ್ತದೆ. ಅಂಗಡಿಯ ಗೊಬ್ಬರ ತನ್ನಿ ಎಂದರೆ ಅದು ಪರಿಸರದ ಮಾತಾಗದು. ತೋಟವನ್ನು ಉಪವಾಸ ಕೆಡವಿ ಎಂದರೆ ಬದುಕಿನ ಮಾತಾಗದು.

ಆ ಬದಲಿನ ಒಂದು ಪಾಲು ಬಯಲುಸೀಮೆಯಲ್ಲಿ, ಬೆಂಗಳೂರಿನ ಉತ್ತರ ಅಂಚಿನಲ್ಲಿ ದೊರೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಹೆಬ್ಬಾಳಕ್ಕೂ ಮಲೆನಾಡಿಗೂ ಹಳೆಯ ಋಣವಿದೆ. ಮೈಸೂರು ಸಂಸ್ಥಾನದ ಪ್ರಯೋಗ ಕ್ಷೇತ್ರ 1899ರಲ್ಲಿ ಹೆಬ್ಬಾಳದಲ್ಲಿ ಆರಂಭವಾಯಿತು. ಸಂಸ್ಥಾನದ ಕೃಷಿ ಇಲಾಖೆಯನ್ನು ಮುನ್ನಡೆಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಬಂದದ್ದು ಆ ದಾರಿಯಿಂದ. ಇಂದಿಗೂ ಮಳೆಗಾಲದಲ್ಲಿ ನಮ್ಮ ಕೊನೆಗಾರರು ಮರವೇರಿ ಹೊಡೆಯುವ ಔಷಧಿ ಅದೇ. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳದಲ್ಲಿ ಸ್ಥಾಪನೆಯಾಯಿತು; ಅದರ ದೊಡ್ಡ ಆವರಣ, ಯಲಹಂಕದ ದಾರಿಯಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಾವೆಲ್ಲ ಜಿಕೆವಿಕೆ ಎನ್ನುವ ಜಾಗ. ಅಲ್ಲಿನ ಒಣಬೇಸಾಯ ಪ್ರಯೋಗಗಳು ನಡೆಯುವುದು ಮಳೆಯಾಶ್ರಿತ ಕೆಂಪು ಮಣ್ಣಿನಲ್ಲಿ, ಬಹುಪಾಲು ರಾಗಿಯ ಮೇಲೆ. ಹತ್ತಿರದಲ್ಲಿ ಸೊಪ್ಪಿನಬೆಟ್ಟವಿಲ್ಲದ ನಾಡು ಅದು. ಹೊಂಗೆ ಸೊಪ್ಪು, ಕೆರೆಯ ಗೋಡು, ಕೊಟ್ಟಿಗೆ ಗೊಬ್ಬರಗಳಿಂದ ಹೊಲ ಸಾಕಿದವರು, ಗೊಬ್ಬರ ಸಾಲದಾದಾಗ ಬದುವಿನ ಮೇಲೆಯೇ ಸೊಪ್ಪು ಬೆಳೆಯುವ ಯೋಚನೆಗೆ ಬಂದರು. ಕಾಡಿನ ಹತ್ತಿರವಿದ್ದ ನಮಗೆ ಆ ಯೋಚನೆಯ ಅಗತ್ಯ ಬೀಳಲಿಲ್ಲ, ಅಷ್ಟೆ.

ಅಲ್ಲಿನ ರಾಗಿಯ ದೀರ್ಘಕಾಲಿಕ ಗೊಬ್ಬರ ಪ್ರಯೋಗವೊಂದು 1978ರಲ್ಲಿ ಆರಂಭವಾದದ್ದು. ವರ್ಷ ವರ್ಷ ಅದೇ ತಾಕಿನಲ್ಲಿ ಅದೇ ಗೊಬ್ಬರ. ಬರಿಯ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳಲ್ಲಿ ಇಳುವರಿ ಕ್ರಮೇಣ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ಕೊಟ್ಟ ತಾಕುಗಳು ದಶಕಗಳ ಕಾಲ ನೆಲೆ ನಿಂತವು. ಮಣ್ಣಿಗೆ ಸಾವಯವ ವಸ್ತು ಬೇಕೆಂಬುದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಎಷ್ಟು ಬೇಕು, ಇಲ್ಲದಿದ್ದರೆ ಎಷ್ಟು ವರ್ಷದಲ್ಲಿ ಪೆಟ್ಟು ಬೀಳುತ್ತದೆ ಎಂಬುದನ್ನು ಅಂಥ ತಾಕುಗಳು ತೋರಿಸಿಕೊಟ್ಟವು.

ಇನ್ನು ಗೊಬ್ಬರದ ಗಿಡದ ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬೇಕು. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ಉಳಿದ ಒಣ ಭಾಗದಲ್ಲಿ ಶೇಕಡಾ 2.5ರಿಂದ 3ರಷ್ಟು ಸಾರಜನಕ. ಹಾಗಾಗಿ ಒಂದು ಟನ್ ಹಸಿ ಸೊಪ್ಪಿನಲ್ಲಿ 6ರಿಂದ 7 ಕಿಲೋ ಸಾರಜನಕ ಇರುತ್ತದೆ. 45 ಕಿಲೋದ ಒಂದು ಯೂರಿಯಾ ಚೀಲದಲ್ಲಿರುವುದು ಸುಮಾರು 20 ಕಿಲೋ. ಅಂದರೆ 3 ಟನ್ ಸೊಪ್ಪು ಒಂದು ಯೂರಿಯಾ ಚೀಲಕ್ಕೆ ಸಮ. ಮಳೆಯಾಶ್ರಿತ ರಾಗಿಗೆ ಎಕರೆಗೆ ಶಿಫಾರಸು ಮಾಡಿರುವ ಸಾರಜನಕವೂ ಅಷ್ಟೇ, 20 ಕಿಲೋ. ಮೂರು ವರ್ಷ ದಾಟಿದ ಗಿಡವೊಂದು ವರ್ಷಕ್ಕೆ 5 ಕಿಲೋ ಸೊಪ್ಪು ಕೊಡುತ್ತದೆಂದು ಹಿಡಿದರೆ 600 ಗಿಡ ಸಾಕು. ಅರ್ಧ ಮೀಟರಿಗೊಂದರಂತೆ 300 ಮೀಟರ್ ಬದು. ಸೊಪ್ಪಿನ ಸಾರಜನಕವೆಲ್ಲ ಮೊದಲ ಬೆಳೆಗೇ ಸಿಗುವುದಿಲ್ಲ, ಒಂದು ಪಾಲು ಮಣ್ಣಿನಲ್ಲಿ ಉಳಿಯುತ್ತದೆ ಎಂಬುದು ನೆನಪಿರಲಿ. ಅದು ನಷ್ಟವಲ್ಲ. ಜೊತೆಗೆ ಬರುವ ಪೊಟ್ಯಾಷ್, ಇಂಗಾಲಗಳು ಯೂರಿಯಾದ ಚೀಲದಲ್ಲಿ ಇಲ್ಲ. (2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುತ್ತಾರೆ, ಆ ಮಟ್ಟಿಗೆ 'ಭಾರತದ ಲೈಲಾಕ್' ಪ್ರತಿ ಚೀಲದಲ್ಲೂ ಇದೆ ಎನ್ನಬಹುದು.)

ಅಡಿಕೆಗೆ ಲೆಕ್ಕ ಇನ್ನೂ ನೇರವಾದದ್ದು. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದರ ಜೊತೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕಾಂಪೋಸ್ಟ್ ಎಂಬುದು ಬಹುಕಾಲದ ಶಿಫಾರಸು. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ಬೇಕಾದ ಹಸಿರು ಸೊಪ್ಪು ಆರೂವರೆ ಟನ್ನಿನಷ್ಟು. ಚೌಕಾಕಾರದ ಒಂದು ಎಕರೆಯ ಸುತ್ತಳತೆ 254 ಮೀಟರ್. ಅದರ ಸುತ್ತ ಅರ್ಧ ಮೀಟರಿಗೊಂದರಂತೆ ಎರಡು ಸಾಲು ನೆಟ್ಟರೆ ಸಾವಿರ ಗಿಡ, 5 ಟನ್ ಸೊಪ್ಪು. ಬೆಟ್ಟಕ್ಕೆ ಕಾಲಿಡದೆ, ಬೇಲಿಯಿಂದಲೇ ತೋಟದ ಹಸಿರು ಸೊಪ್ಪಿನ ನಾಲ್ಕನೇ ಮೂರು ಪಾಲು ಒದಗುತ್ತದೆ. ಬೆಟ್ಟವೇರಿ, ಮರ ಹತ್ತಿ, ಕಡಿದು, ಹೊರೆ ಕಟ್ಟಿ, ಇಳಿಜಾರಿನಲ್ಲಿ ಹೊತ್ತು ತರುವ ಕೆಲಸಕ್ಕೂ ಬೇಲಿಯ ಪಕ್ಕ ನಿಂತು ಕತ್ತಿ ಬೀಸುವ ಕೆಲಸಕ್ಕೂ ಇರುವ ಅಂತರವನ್ನು ಹೊರೆ ಹೊತ್ತ ಹೆಂಗಸರನ್ನು ಕೇಳಿ ತಿಳಿಯಬೇಕು. ಕೂಲಿಯಾಳು ಸಿಗದ ಈ ದಿನಗಳಲ್ಲಿ ಗಂಡಸರಿಗೂ ಅದು ಅರ್ಥವಾದೀತು.

ಈ ಗಿಡದ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿ ಕೋಕೋ ತೋಟಗಳಿಗೆ ನೆರಳು ಕೊಡುವುದರಿಂದ 'ಕೋಕೋದ ತಾಯಿ' ಎಂಬ ಹೆಸರೂ ಉಂಟು. ಸ್ಪೇನಿನವರ ಹಡಗುಗಳಲ್ಲಿ ಫಿಲಿಪ್ಪೀನ್ಸಿಗೂ, ನಂತರ ಚಹಾ ತೋಟಗಳ ನೆರಳಿಗೆಂದು ಸಿಂಹಳಕ್ಕೂ ಹೋಯಿತು. ಶ್ರೀಲಂಕಾ ಈ ಶತಮಾನದ ಮೊದಲ ದಶಕದಲ್ಲಿ ಚಹಾ, ರಬ್ಬರ್, ತೆಂಗುಗಳ ನಂತರದ ನಾಲ್ಕನೆಯ ತೋಟದ ಬೆಳೆಯೆಂದು ಇದನ್ನು ಘೋಷಿಸಿತು. ಕೇರಳದವರಿಗೆ ಇದು ಶೀಮಕೊನ್ನ. ಹೆಸರಿನ 'ಗ್ಲಿರಿಸಿಡಿಯಾ' ಎಂದರೆ ಇಲಿಗಳನ್ನು ಕೊಲ್ಲುವುದು, 'ಸೇಪಿಯಂ' ಎಂದರೆ ಬೇಲಿಯದು. ತೊಗಟೆ, ಬೀಜಗಳನ್ನು ಧಾನ್ಯದೊಡನೆ ಬೆರೆಸಿ ಇಲಿಪಾಷಾಣ ಮಾಡುವ ರೂಢಿ ಅದರ ತವರಿನಲ್ಲಿದೆ. ಮನೆಯಲ್ಲಿ ಮಕ್ಕಳು, ನಾಯಿಗಳಿರುವವರು ಆ ಪ್ರಯೋಗಕ್ಕೆ ಹೋಗಬಾರದು. ನಮಗೆ ಬೇಕಾದದ್ದು ಹೆಸರಿನ ಎರಡನೆಯ ಭಾಗ.

ಬೆಳೆಸುವ ವಿಧಾನ ಸುಲಭವೆಂದು ಎಲ್ಲರೂ ಹೇಳುತ್ತಾರೆ. ಸುಲಭವೆಂಬ ಆ ಮಾತೇ ಹಲವು ಕಡೆ ಗಿಡ ಕೊಂದಿದೆ. ಎಳೆಯ ಹಸಿರು ಕಡ್ಡಿಗಳನ್ನು ಸಿಕ್ಕಿದ ಕಾಲದಲ್ಲಿ ಸಿಕ್ಕಿದಲ್ಲಿ ಚುಚ್ಚಿದರೆ ನಾಲ್ಕು ಚಿಗುರು ಬಂದು ಒಣಗುತ್ತವೆ. ಚಿಗುರು ಬಂದದ್ದು ಕಡ್ಡಿಯೊಳಗಿದ್ದ ದಾಸ್ತಾನಿನಿಂದ, ಬೇರಿನಿಂದಲ್ಲ. ಆರಿಸಬೇಕಾದದ್ದು ಒಂದು ವರ್ಷ ದಾಟಿದ, ತೊಗಟೆ ಕಂದಾಗಿ ಬಿಳಿ ಚುಕ್ಕೆ ಮೂಡಿದ ಕೊಂಬೆ. ಬೇಲಿಗಾದರೆ ಒಂದೂವರೆಯಿಂದ ಎರಡು ಮೀಟರ್ ಉದ್ದ, ಮೂರರಿಂದ ಐದು ಸೆಂಟಿಮೀಟರ್ ದಪ್ಪ. ಬದುವಿಗಾದರೆ ಒಂದು ಮೊಳಕ್ಕೆ ಮೇಲ್ಪಟ್ಟ ತುಂಡೂ ಸಾಕು. ಬುಡದ ತುದಿಯನ್ನು ಹರಿತವಾದ ಕತ್ತಿಯಿಂದ ಓರೆಯಾಗಿ ಒಂದೇ ಏಟಿಗೆ ಕಡಿಯಬೇಕು, ತೊಗಟೆ ಸೀಳಬಾರದು. ಬುಡದ ಒಂದು ಗೇಣು ಭಾಗದಲ್ಲಿ ತೊಗಟೆಗೆ ಅಲ್ಲಲ್ಲಿ ಸಣ್ಣ ಕಚ್ಚು ಹಾಕಿದರೆ ಆ ಗಾಯಗಳಿಂದಲೂ ಬೇರು ಬರುತ್ತದೆ. ಕಡಿದ ಗೂಟಗಳನ್ನು ನಾಲ್ಕೈದು ದಿನ ನೆರಳಿನಲ್ಲಿ ನಿಲ್ಲಿಸಿಟ್ಟು, ಮೇಲ್ತುದಿಗೆ ಸಗಣಿ ಮೆತ್ತಿ ನೆಡುವುದು ಒಳ್ಳೆಯದು. ತಲೆಕೆಳಗಾಗಿ ನೆಡುವವರೂ ಇದ್ದಾರೆ. ಮೊಗ್ಗಿನ ದಿಕ್ಕು ನೋಡಿಕೊಳ್ಳಿ.

ಕಾಲ ಮುಖ್ಯ. ಎಲೆಯುದುರಿ ಹೊಸ ಚಿಗುರು ಬರುವ ಮೊದಲು ಕೊಂಬೆಯಲ್ಲಿ ದಾಸ್ತಾನು ತುಂಬಿರುತ್ತದೆ. ಮೊದಲ ಅಡ್ಡಮಳೆಗೆ ಗಿಡ ಚಿಗುರಿಬಿಟ್ಟರೆ ಅದು ಖರ್ಚಾಗಿಹೋಗುತ್ತದೆ. ಆದ್ದರಿಂದ ಮರಗಳು ಬರಿದಾಗಿರುವಾಗಲೇ ಕೊಂಬೆಗಳನ್ನು ಗುರುತು ಮಾಡಿಟ್ಟುಕೊಂಡು, ನೆಲ ತೇವಗೊಳ್ಳುತ್ತಿದ್ದಂತೆ ಕಡಿದು ನೆಡಬೇಕು. ನಮ್ಮ ಘಟ್ಟದ ಮೇಲೆ ಕೃತ್ತಿಕೆ ಕಳೆದು ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ನೆಟ್ಟು ಮುಗಿಸಿದರೆ, ಆರಿದ್ರೆಯ ಜಡಿಮಳೆ ಬರುವಷ್ಟರಲ್ಲಿ ಬೇರು ಕೂತಿರುತ್ತದೆ. ಜುಲೈಯಲ್ಲಿ ನೆಟ್ಟ ಗೂಟ ಬುಡದಲ್ಲಿ ಕೊಳೆಯುತ್ತದೆ. ನೀರು ನಿಲ್ಲುವ ಗದ್ದೆ ಹಾಳಿಯ ಕೆಳಮೈಯಲ್ಲಿ ಯಾವ ತಿಂಗಳು ನೆಟ್ಟರೂ ಅಷ್ಟೇ. ಸರ್ಕಾರಿ ಯೋಜನೆಗಳಲ್ಲಿ ಆಗಸ್ಟ್ ಕಳೆದ ಮೇಲೆ ಸಸಿ ಹಂಚುವುದು, ಲೆಕ್ಕ ಬರೆದು ಫೋಟೋ ತೆಗೆದು ಮುಗಿಸುವುದು ನನಗೆ ಹಲವು ಬಾರಿ ಕಾಣಸಿಕ್ಕಿದೆ. ಡಿಸೆಂಬರಿನಲ್ಲಿ ಅದೇ ಬದುವನ್ನು ನೋಡಿದರೆ ಬರಿ ಕಡ್ಡಿ.

ಗೂಟದ ಗಿಡಕ್ಕೂ ಬೀಜದ ಗಿಡಕ್ಕೂ ಒಂದು ಭೇದವಿದೆ, ಅದನ್ನು ಬಹಳ ಜನ ಗಮನಿಸಿಲ್ಲ. ಗೂಟದಿಂದ ಬಂದ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಹರಡುತ್ತವೆ. ನಮ್ಮ ತೋಟದ ಬೇಲಿಗೆ ಅಷ್ಟು ಸಾಕು. ಆದರೆ ಯಲಹಂಕ, ದೊಡ್ಡಬಳ್ಳಾಪುರದ ಕಡೆಯ ಒಣ ಹೊಲದ ಬದುವಿಗೆ, ಅಥವಾ ನಮ್ಮಲ್ಲೇ ಕಡಿದಾದ ಇಳಿಜಾರಿನ ಮಣ್ಣು ಹಿಡಿಯಲು, ಬೀಜದಿಂದ ಬೆಳೆಸಿದ ಆಳಬೇರಿನ ಗಿಡವೇ ಬೇಕು. ಬೀಜವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿದರೆ ಸಾಕು, ಬೇರೆ ಉಪಚಾರ ಬೇಡ. ಫೆಬ್ರವರಿ-ಮಾರ್ಚಿಯಲ್ಲಿ ಚೀಲಕ್ಕೆ ಹಾಕಿದ ಬೀಜ ಜೂನಿಗೆ ನೆಡುವ ಸಸಿಯಾಗುತ್ತದೆ. ಮಳೆ ಹೆಚ್ಚಿರುವ ಸೀಮೆಯಲ್ಲಿ ಈ ಗಿಡ ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ಆದುದರಿಂದ ಬೀಜಕ್ಕೆ ಬಯಲುಸೀಮೆಯ ಸ್ನೇಹಿತರನ್ನೇ ಅವಲಂಬಿಸುವುದು ಮೇಲು.

ಮೊದಲ ವರ್ಷ ಸೊಪ್ಪು ಕಡಿಯಬಾರದು. ಎರಡನೆಯ ಮಳೆಗಾಲದಿಂದ ಸೊಂಟದ ಎತ್ತರಕ್ಕೆ ಕಡಿಯುತ್ತ ವರ್ಷಕ್ಕೆ ಎರಡು-ಮೂರು ಕೊಯ್ಲು ಪಡೆಯಬಹುದು. ಈ ಸೊಪ್ಪಿನ ಗುಣ ಬೇಗ ಕರಗುವುದು; ತೇವವಿದ್ದರೆ ಮೂರ್ನಾಲ್ಕು ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಣ್ಣಾಗುತ್ತದೆ. ಹಾಗಾಗಿ ಬತ್ತದ ನಾಟಿಗೆ ಹದಿನೈದು ದಿನ ಮೊದಲು ಗದ್ದೆಗೆ ತುಳಿಯುವುದಕ್ಕೂ ಅಡಿಕೆ ಬುಡಕ್ಕೂ ಇದು ಹೇಳಿ ಮಾಡಿಸಿದ್ದು. ಆದರೆ ಬೇಸಿಗೆಯಲ್ಲಿ ತೇವ ಕಾಯುವ ಹೊದಿಕೆಗೆ, ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸಲು ಇದು ಸಾಲದು. ಅದಕ್ಕೆ ನಿಧಾನವಾಗಿ ಕೊಳೆಯುವ ಕಾಡಿನ ಎಲೆಯೇ ಬೇಕು, ಇಲ್ಲವೇ ಅಡಿಕೆ ಸೋಗೆ, ಹುಲ್ಲು. ಗೊಬ್ಬರದ ಗಿಡ ನೆಟ್ಟೊಡನೆ ಬೆಟ್ಟದ ಹಂಗು ಪೂರ್ತಿ ತಪ್ಪುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಸೊಪ್ಪಿನಲ್ಲಿ ರಂಜಕವೂ ಕಡಿಮೆ. ತಪ್ಪುವುದು ಹಸಿಮರ ಸವರುವ ಕೆಲಸ. ಬೆಟ್ಟಕ್ಕೆ ಅತಿ ಹೆಚ್ಚು ಪೆಟ್ಟು ಕೊಡುವುದೂ ಅದೇ.

ಮೇವಿನ ಮಾತು ಸಂಕ್ಷಿಪ್ತವಾಗಿ: ಆಡುಗಳು ಬೇಗ, ದನಗಳು ನಿಧಾನವಾಗಿ ರೂಢಿ ಮಾಡಿಕೊಳ್ಳುತ್ತವೆ. ವಾಸನೆಗೆ ಮೊದಲು ಮೂತಿ ತಿರುಗಿಸುತ್ತವೆ. ಒಂದು ಹಗಲು ಬಾಡಿಸಿ, ಬೇರೆ ಹುಲ್ಲಿನೊಡನೆ ಬೆರೆಸಿ, ಒಟ್ಟು ಮೇವಿನ ಮೂರನೇ ಒಂದು ಪಾಲು ಮೀರದಂತೆ ಕೊಡಬೇಕು. ಬೂಸಲು ಹಿಡಿದದ್ದನ್ನು ಕೊಡಲೇಬಾರದು, ರಕ್ತ ಹೆಪ್ಪುಗಟ್ಟದ ಕಾಯಿಲೆ ಬರುತ್ತದೆ. ಕುದುರೆಗೆ ಇದು ವಿಷ. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹಾಲುವಾಣ ನೆಡುತ್ತಿದ್ದ ನಮ್ಮವರಿಗೆ 2006ರ ಸುಮಾರಿಗೆ ಬಂದ ಗಂಟು ಕಣಜದ ಹಾವಳಿ ನೆನಪಿರಬಹುದು. ಹಾಲುವಾಣದ ಎಲೆ, ಚಿಗುರುಗಳೆಲ್ಲ ಗಂಟುಗಂಟಾಗಿ ಮರ ಸತ್ತಾಗ ಕೆಲವರು ಗೊಬ್ಬರದ ಗಿಡಕ್ಕೆ ಬಳ್ಳಿ ಹಬ್ಬಿಸಿದರು. ಆಗಬಹುದು, ಆದರೆ ಎತ್ತರಕ್ಕೆ, ದೀರ್ಘಾಯುಷ್ಯಕ್ಕೆ ಕಾಡುಮರವೇ ಉತ್ತಮ.

ಈಗ ಕಠಿಣವಾದ ಪ್ರಶ್ನೆ. ನಮ್ಮ ಬಳಗದ ಹಿರಿಯರು ಇದನ್ನು ಕೇಳಿಯೇ ಕೇಳುತ್ತಾರೆ, ಕೇಳಲೂ ಬೇಕು. ಪರದೇಶದ ಗಿಡಗಳಿಂದ ನಾವು ಪಟ್ಟ ಪಾಡು ಸಾಲದೇ? ಲಂಟಾನವೂ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಂದದ ಬೇಲಿಗಿಡವಾಗಿಯೇ ಬಂದು ಈಗ ಕಾಡಿನ ನೆಲವನ್ನೇ ನುಂಗಿ ಕೂತಿದೆ. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಂದ ನೀಲಗಿರಿ ಬೆಂಗಳೂರಿನ ಉತ್ತರದ ಹೊಲಗಳನ್ನೂ ಕೋಲಾರವನ್ನೂ ಆವರಿಸಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನಡೆದು ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ಸರ್ಕಾರ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿದ್ದು 2017ರಲ್ಲಿ, ಮೂರು ದಶಕ ತಡವಾಗಿ. ಮಲೆನಾಡಿನ ಅಕೇಶಿಯಾದ ಕಥೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನದೆಲ್ಲ ಕೆಟ್ಟದ್ದು ಎಂಬುದನ್ನು ನಾನು ಒಪ್ಪಲಾರೆ. ಅಡಿಕೆ ಜಗಿಯುವ ನಾವು ಮೆಣಸಿನಕಾಯಿಯನ್ನೂ ಗೋಡಂಬಿಯನ್ನೂ ಅಮೆರಿಕದಿಂದಲೇ ಪಡೆದವರು. ಕೇಳಬೇಕಾದ ಪ್ರಶ್ನೆ ಗಿಡ ಹೇಗೆ ಹರಡುತ್ತದೆ ಎಂಬುದು. ಲಂಟಾನದ ಹಣ್ಣನ್ನು ಹಕ್ಕಿ ತಿಂದು ಮೈಲಿಗಟ್ಟಲೆ ಒಯ್ಯುತ್ತದೆ. ಗೊಬ್ಬರದ ಗಿಡದ ಒಣಕಾಯಿ ಬಿಸಿಲಿಗೆ ಸಿಡಿದು ಬೀಜ ಕೆಲವು ಹತ್ತಾರು ಮೀಟರ್ ದೂರ ಹಾರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಅದನ್ನು ಹೊರುವ ಹಕ್ಕಿಯೂ ಇಲ್ಲ, ಗಾಳಿಯೂ ಇಲ್ಲ. ಹಳೆಯ ಕೊಂಬೆಯಲ್ಲಿ ಮಾತ್ರ ಹೂ ಬರುವುದರಿಂದ ಮಳೆಗಾಲದ ಕೊನೆಗೆ ಸವರಿದ ಗಿಡ ಆ ವರ್ಷ ಕಾಯಿಯನ್ನೇ ಕಟ್ಟುವುದಿಲ್ಲ. ಬಳಸುತ್ತಿರುವವರೆಗೆ ಅದು ಹತೋಟಿಯಲ್ಲಿರುವ ಗಿಡ, ಬಿಟ್ಟುಬಿಟ್ಟರೆ ಅಲ್ಲ. ಆದ್ದರಿಂದ ನನ್ನ ನಿಲುವು ಇಷ್ಟು: ಬೇಲಿಯಲ್ಲಿ, ಬದುವಿನಲ್ಲಿ, ಕತ್ತಿಯ ಅಳತೆಯಲ್ಲಿ ಇರಲಿ. ಬೆಟ್ಟದೊಳಗೆ, ಕಾನಿನ ಅಂಚಿನಲ್ಲಿ, ಗೋಮಾಳದಲ್ಲಿ ಒಂದು ಗೂಟವೂ ಬೇಡ. ಅರಣ್ಯ ಇಲಾಖೆಯವರು ಬರಡು ಬೆಟ್ಟದ 'ಹಸಿರೀಕರಣ'ಕ್ಕೆ ಇದನ್ನು ತಂದರೆ ಮೊದಲು ವಿರೋಧಿಸುವವನು ನಾನು. ಬೆಟ್ಟಕ್ಕೆ ನೆಡಬೇಕಾದದ್ದು ಬೆಟ್ಟದ್ದೇ ಮರ. ಬೇಲಿಯಲ್ಲೂ ಪೂರ್ತಿ ಇದೊಂದೇ ಬೇಡ; ನಡುನಡುವೆ ಹೊಂಗೆ, ಲಕ್ಕಿ, ಚಂದ್ರಿಕೆ ಇರಲಿ. ಅವರೆ, ಅಲಸಂದೆ ಬೆಳೆಯುವವರು ಹೊಲದ ತೀರ ಹತ್ತಿರ ಇದನ್ನು ನೆಡದಿರುವುದು ಕ್ಷೇಮ, ಏಕೆಂದರೆ ಆ ಕಾಳುಬೆಳೆಗಳನ್ನು ಹೀರುವ ಕಪ್ಪು ಹೇನು ಬೇಸಿಗೆಯಲ್ಲಿ ಈ ಗಿಡದ ಚಿಗುರಿನಲ್ಲೂ ಆಶ್ರಯ ಪಡೆಯುತ್ತದೆ.

ಇನ್ನೊಂದು ಷರತ್ತನ್ನು ಗಿಡಕ್ಕಲ್ಲ, ನಮಗೇ ಹಾಕಿಕೊಳ್ಳಬೇಕಾಗಿದೆ. ಬೇಲಿಯ ಸೊಪ್ಪೂ ಬಂತು, ಬೆಟ್ಟದ ಸೊಪ್ಪೂ ಬರುತ್ತಿದೆ ಎಂದಾದರೆ ತೋಟ ಇನ್ನೊಂದು ಎಕರೆ ಬೆಳೆಯುತ್ತದೆಯೇ ಹೊರತು ಬೆಟ್ಟ ಉಳಿಯುವುದಿಲ್ಲ. ಊರಿನವರು ಕೂತು ಬೆಟ್ಟವನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಮೂರು ವರ್ಷ ಕತ್ತಿ ಹಾಕದಿರುವ ಕಟ್ಟುಪಾಡು ಮಾಡಿಕೊಳ್ಳಬೇಕು. ಬೇಲಿಯ ಗಿಡ ಸೊಪ್ಪಿಗೆ ಬರಲು ಬೇಕಾಗುವ ಅವಧಿಯೂ ಮೂರು ವರ್ಷವೇ. ಮೊದಲ ಪಾಲು ಬಿಡುಗಡೆಯಾಗುವಾಗ ಆ ಸೊಪ್ಪಿನ ಅಗತ್ಯವೇ ಕಡಿಮೆಯಾಗಿರುತ್ತದೆ. ಹಕ್ಕುದಾರರು ಬಿಟ್ಟುಕೊಡುವುದು ಸುಲಭವಲ್ಲ, ಅಣ್ಣತಮ್ಮಂದಿರ ನಡುವೆಯೇ ಬೆಟ್ಟದ ತಕರಾರುಗಳಿವೆ. ಇಲಾಖೆಯ ಆದೇಶದಿಂದ ಇದು ಆಗುವ ಕೆಲಸವಲ್ಲ.

ಬೆಂಗಳೂರಿನ ಉತ್ತರ ಭಾಗದಿಂದ ಕಲಿಯಬೇಕಾದದ್ದನ್ನು ಬೇಗ ಕಲಿಯಬೇಕು ಎನ್ನಲು ಒಂದು ಕಾರಣವಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಆಚೆಗಿನ ರಾಗಿ ಹೊಲಗಳು ಬಡಾವಣೆಗಳಾಗುತ್ತ ಹೋದವು. ಹೊಲ ಹೋದಲ್ಲಿ ಬದುವೂ ಹೋಯಿತು, ಬದುವಿನ ಗಿಡವೂ ಹೋಯಿತು. ಬಡಾವಣೆಯ ಕಾಂಪೌಂಡಿಗೆ ಸೊಪ್ಪಿನ ಗಿಡ ಯಾರಿಗೆ ಬೇಕು? ಅಲ್ಲಿಗೆ ಬೇಕಾದದ್ದು ಚೀಟಿ ಅಂಟಿಸಿದ ಲೈಲಾಕ್. ಜಿಕೆವಿಕೆಯ ಆವರಣ, ಅದರಾಚೆಯ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಈ ಬೇಸಾಯದ ತಿಳಿವಳಿಕೆ ಇನ್ನೂ ಜೀವಂತವಾಗಿದೆ. ನವೆಂಬರಿನ ಕೃಷಿ ಮೇಳಕ್ಕೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ಯುವಕರು ಯಂತ್ರಗಳ ಮಳಿಗೆಗಳನ್ನು ನೋಡಿ ಮುಗಿಸಿದ ಮೇಲೆ ಒಣಬೇಸಾಯದ ತಾಕುಗಳ ಕಡೆಗೂ ಒಂದು ಗಂಟೆ ನಡೆದು ಬರಲಿ.

ಶಾಲಾ-ಕಾಲೇಜುಗಳ ಪರಿಸರ ಸಂಘದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ಈ ಗಿಡವನ್ನು ದೂರದಿಂದಲೇ ಗುರುತಿಸಬಹುದು. ಬೇರೆ ದಿನಗಳಲ್ಲಿ ಹೊಂಗೆಯೋ ಮತ್ತೊಂದೋ ಎಂದು ಗೊಂದಲವಾಗುತ್ತದೆ. ನಿಮ್ಮ ಊರಿನಲ್ಲಿ ಹೂಬಿಟ್ಟ ಗಿಡಗಳೆಷ್ಟು, ಯಾರ ಬೇಲಿಯಲ್ಲಿವೆ, ಕಾಯಿ ಕಚ್ಚಿದವೆಷ್ಟು, ಬುಡದ ಸುತ್ತ ಸಸಿ ಎದ್ದಿದೆಯೇ ಎಂಬುದನ್ನು ನಕ್ಷೆ ಬರೆದು ಗುರುತಿಸಿ. ಕಾಡಿನಂಚಿನಲ್ಲಿ ಸಸಿ ಕಂಡರೆ ಕಿತ್ತು, ಅದನ್ನೂ ಬರೆದಿಡಿ. ನನ್ನ ವಾದವನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಬಯಲುಸೀಮೆಯ ನೆಂಟರಿಂದ ಬೀಜ ತರಿಸುವವರು ಏಪ್ರಿಲ್‌ನಲ್ಲಿ ಕಾಯಿ ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುವಾಗಲೇ, ಬೆಳಗಿನ ತಂಪಿನಲ್ಲಿ ಕೊಯ್ದು ಗೋಣಿಚೀಲದಲ್ಲಿ ಕಟ್ಟಿ ಬಿಸಿಲಿಗಿಡಲು ಹೇಳಿ. ಮಧ್ಯಾಹ್ನದವರೆಗೆ ಬಿಟ್ಟರೆ ಕಾಯಿ ಮರದ ಮೇಲೆಯೇ ಸಿಡಿದು ಬೀಜ ಕೈಗೆ ಸಿಗುವುದಿಲ್ಲ.